ತಲೆಗೊಂದು ಮೊಟ್ಟೆ

ಶಿರಾ ಗೇಟಿನಿಂದ ಒಳಕ್ಕೆ ಮೂರನೇ ಅಡ್ಡರಸ್ತೆಯ ಆ ಬಾಡಿಗೆ ಮನೆಯಲ್ಲಿ ಐದು ಜನರಿದ್ದರು. ಮೊಟ್ಟೆ ತಿನ್ನುತ್ತಿದ್ದವರು ಇಬ್ಬರು. ಮಂಗಳಗೌರಿ ಬೆಳಿಗ್ಗೆ ಎದ್ದು ನಾಲ್ಕು ಮೊಟ್ಟೆ ಬೇಯಿಸುತ್ತಿದ್ದಳು. ಮಗ ಚನ್ನೇಶನಿಗೆ ಮೂರು, ಗಂಡ ಅನಂತರಾಜುವಿಗೆ ಒಂದು. ಹೀಗೇ ಅಂತ ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಚನ್ನೇಶ ಪೊಲೀಸ್ ಕಾನ್‌ಸ್ಟೇಬಲ್ ಬರವಣಿಗೆ ಪರೀಕ್ಷೆ ಪಾಸು ಮಾಡಿ, ಓಟ, ಜಿಗಿತಗಳ ಫಿಸಿಕಲ್‌ಗೆ ತಯಾರಾಗುತ್ತಿದ್ದ. ಓಡುವ ಹುಡುಗ, ತಿನ್ನಲಿ ಎಂದು ಶುರುವಾದದ್ದು ಹಾಗೇ ನಿಂತುಬಿಟ್ಟಿತ್ತು. ಅತ್ತೆ ಹನುಮಂತಮ್ಮ ತಮಗೆ ಮೊಟ್ಟೆ ಆಗಿಬರುವುದಿಲ್ಲ ಎನ್ನುತ್ತಿದ್ದರು. ಮಂಗಳಗೌರಿಗೆ ಬೇಕೇ ಎಂದು ಯಾರೂ ಕೇಳಿರಲಿಲ್ಲ, ಅವಳೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಮಗಳು ತೇಜಸ್ವಿನಿ ಕಂಪನಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಒಂದು ಲೋಟ ಕಾಫಿ ಕುಡಿದು, ಊಟದ ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು ಓಡುತ್ತಿದ್ದಳು.

ತೇಜಸ್ವಿನಿಗೆ ವಸಂತನರಸಾಪುರದ ಒಂದು ಗೋದಾಮಿನಲ್ಲಿ ಕೆಲಸ. ಆರ್ಡರ್ ಬಂದ ಸಾಮಾನನ್ನು ಸಾಲುಸಾಲು ರ‍್ಯಾಕುಗಳ ನಡುವೆ ನಡೆದು ಹುಡುಕಿ, ಟ್ರಾಲಿಗೆ ತುಂಬಿ, ಪ್ಯಾಕಿಂಗ್ ಕಡೆಗೆ ತಳ್ಳಿಕೊಂಡು ಹೋಗಬೇಕು. ಬಿ.ಕಾಂ. ಓದಿದವಳು. ಕೂತು ಮಾಡುವ ಕೆಲಸ ಸಿಗುವವರೆಗೆ ಇದು ಎಂದು ಸೇರಿದ್ದಳು, ಎರಡು ವರ್ಷವಾಗಿತ್ತು. ಸಂಜೆ ಮನೆಗೆ ಬಂದವಳೇ ನಡುಮನೆಯ ಗೋಡೆಗೆ ಎರಡೂ ಕಾಲು ಎತ್ತಿಟ್ಟು ನೆಲದ ಮೇಲೆ ಮಲಗುತ್ತಿದ್ದಳು. "ಹೆಣ್ಮಗ ಹಂಗೆ ಕಾಲೆತ್ಕಂಡು ಮಲಗ್ಬಾರ್ದು ಕಣೇ" ಎಂದು ಹನುಮಂತಮ್ಮ ದಿನವೂ ಹೇಳುತ್ತಿದ್ದರು. ಅವಳು ದಿನವೂ ಮಲಗುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಚನ್ನೇಶ ಕೈಗೆ ಕಟ್ಟಿಕೊಳ್ಳುವ ಹೊಸ ಫಿಟ್‌ನೆಸ್ ಬ್ಯಾಂಡ್ ತಂದ. ಹಳೆಯದನ್ನು ಅಕ್ಕನಿಗೆ ಕೊಟ್ಟು, ಅವಳ ಫೋನಿಗೆ ಅದನ್ನು ತಾನೇ ಜೋಡಿಸಿದ.

"ಎಷ್ಟು ನಡೆದೆ, ಎಷ್ಟು ಕ್ಯಾಲೊರಿ ಸುಟ್ಟೆ, ಎಲ್ಲಾ ತೋರಿಸುತ್ತೆ ಅಕ್ಕ. ನಿಂಗೆ ಅದೆಲ್ಲ ಬೇಕಾಗಲ್ಲ. ಟೈಮ್ ನೋಡ್ಕೊಳೋಕೆ ಇಟ್ಕೋ."

ವಾರ ಕಳೆದಿರಬೇಕು. ರಾತ್ರಿ ಅಪ್ಪ, ಮಗ ಊಟಕ್ಕೆ ಕೂತಿದ್ದರು. ಮಂಗಳಗೌರಿ ಬಡಿಸುತ್ತಿದ್ದಳು. ತೇಜಸ್ವಿನಿ ಬಂದು ತಮ್ಮನ ಎಡಗೈ ಹಿಡಿದು ತಿರುಗಿಸಿ ಅವನ ಬ್ಯಾಂಡ್ ನೋಡಿದಳು, ಆಮೇಲೆ ತನ್ನದನ್ನು ನೋಡಿದಳು.

"ಅಪ್ಪ, ಇವತ್ತು ಚನ್ನಂದು ಎರಡು ಸಾವಿರದ ಆರ್ನೂರು. ನಂದು ಎರಡು ಸಾವಿರದ ಒಂಬೈನೂರು."

"ಏನು, ರೂಪಾಯಾ?" ಎಂದ ಅನಂತರಾಜು, ಮುದ್ದೆ ಮುರಿಯುತ್ತ.

"ಕ್ಯಾಲೊರಿ. ಮೈ ಸುಟ್ಟಿದ್ದು."

ಮಂಚದ ಮೇಲೆ ಕೂತಿದ್ದ ಹನುಮಂತಮ್ಮ ಗಾಬರಿಯಾದರು. "ಮೈ ಸುಟ್ಕಂಡ್ಯಾ? ಎಲ್ಲೇ? ತೋರ್ಸು ಇಲ್ಲಿ."

"ಬೆಂಕೀಲಿ ಅಲ್ಲ ಅಜ್ಜಿ. ಉಂಡಿದ್ದು ಒಳಗೇ ಉರಿದು ಶಕ್ತಿ ಆಗುತ್ತಲ್ಲ, ಅದು. ನಿಮ್ಮ ಮೊಮ್ಮಗ ಸ್ಟೇಡಿಯಂ ಸುತ್ತಿ ಸುಡೋದಕ್ಕಿಂತ ನಾನು ಟ್ರಾಲಿ ತಳ್ಳಿ ಜಾಸ್ತಿ ಸುಡ್ತಿದೀನಿ. ಅದಕ್ಕೇ ನಾಳೆಯಿಂದ ಮೊಟ್ಟೆ ನಂಗೂ ಬೇಕು."

ಚನ್ನೇಶ ನಕ್ಕ. "ಯಾಕಕ್ಕ, ನೀನೂ ಪೊಲೀಸ್ ಆಗ್ತೀಯಾ?"

"ನೀನೂ ಇನ್ನೂ ಆಗಿಲ್ಲವಲ್ಲ."

"ನೋಡ್ದೇನ್ಲಾ ಅನಂತ, ಬಾಯಿ ನೋಡು ಇವಳದು" ಎಂದರು ಹನುಮಂತಮ್ಮ. "ನಾಳೆ ಮದ್ವೆ ಆಗಿ ಹೋಗೋಳಿಗೆ ಮೊಟ್ಟೆ ಯಾಕೆ? ಉಷ್ಣ ಆಯ್ತದೆ."

ಅನಂತರಾಜುವಿಗೆ ಮಾತ್ರ ಇದು ತಮಾಷೆಯಾಗಿ ಕಂಡಿತು. ಗುಬ್ಬಿ ಗೇಟಿನ ಹತ್ತಿರ ಅವನದು ಮೋಟಾರು ವೈಂಡಿಂಗ್ ಅಂಗಡಿ. ಗುಬ್ಬಿ, ಸಿ.ಎಸ್. ಪುರದ ಕಡೆಯ ರೈತರು ಸುಟ್ಟುಹೋದ ಪಂಪಿನ ಮೋಟಾರುಗಳನ್ನು ಹೊತ್ತು ತಂದು, ಯಾಕೆ ಸುಟ್ಟಿತು, ಹೇಗೆ ಸುಟ್ಟಿತು ಎಂದು ವಾದಕ್ಕೆ ನಿಂತರೆ ಅವನು ಮೀಟರ್ ಹಿಡಿದು ತೋರಿಸಿ ಅವರ ಬಾಯಿ ಮುಚ್ಚಿಸುತ್ತಿದ್ದ. ಈಗಲೂ ಅದೇ ಗತ್ತಿನಲ್ಲಿ ಹೇಳಿದ.

"ಮೀಟರ್ ಸುಳ್ ಹೇಳಲ್ಲ ಕಣವ್ವ. ದಿನಾ ರಾತ್ರಿ ಇಬ್ಬರದೂ ನೋಡನ. ಯಾರದು ಜಾಸ್ತಿ ಬರ್ತದೋ ಅವರಿಗೆ ಎರಡು, ಕಮ್ಮಿ ಬಂದೋರಿಗೆ ಒಂದು. ನಂದೊಂದು ನಂಗಿರ್ಲಿ. ಸರೀನಾ?"

ಸರಿಯೆಂದು ಚನ್ನೇಶ ಹೇಳಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ತೇಜಸ್ವಿನಿ ಎರಡು ಮೊಟ್ಟೆ ತಿಂದಳು. ನಿಂತಲ್ಲೇ ಸಿಪ್ಪೆ ಬಿಡಿಸಿ, ಉಪ್ಪು ಮೆಣಸು ಉದುರಿಸಿ, ಎರಡನೆಯದನ್ನು ಬಾಯಲ್ಲಿಟ್ಟುಕೊಂಡೇ ಚಪ್ಪಲಿ ಮೆಟ್ಟಿ ಓಡಿದಳು. ಮಂಗಳಗೌರಿ ಬಾಗಿಲಲ್ಲಿ ನಿಂತು ನೋಡಿದಳು. ಏನೋ ಗೆದ್ದವಳ ಹಾಗೆ ಹೋಗುತ್ತಿದ್ದಳು ಹುಡುಗಿ.

ಅಲ್ಲಿಂದಾಚೆಗೆ ಆ ಮನೆಯ ರಾತ್ರಿ ಊಟವೆಂದರೆ ಪಂದ್ಯ. ಚನ್ನೇಶ ಸಂಜೆಯೂ ಓಡಲು ಹೋದ. ಮಹಡಿಯ ಮೇಲೆ ಹಗ್ಗದಾಟ ಆಡಿದ, ಮನೆ ಓನರ್ ಮರಿಯಮ್ಮ ಸೂರು ಅದುರುತ್ತೆ ಎಂದು ಕೂಗಾಡಿದ ಮೇಲೆ ಬಿಟ್ಟ. ಊಟಕ್ಕೆ ಕೂರುವ ಮೊದಲು ಬಚ್ಚಲಿಗೆ ಹೋಗಿ ಕೈ ಒದರಿಕೊಂಡು ಬರುತ್ತಿದ್ದ.

"ಕೈ ಅಲ್ಲಾಡಿಸಿ ಏರಿಸ್ತಿದಾನೆ ಅಪ್ಪ, ಮೋಸ!"

"ಏನ್ಲೇ ನಿಂದು, ಕೈ ತೊಳೆದ್ರೂ ಮೋಸಾನಾ?" ಎಂದು ಅಜ್ಜಿ ಮೊಮ್ಮಗನ ಪರ ನಿಲ್ಲುತ್ತಿದ್ದರು.

ಇಷ್ಟಾದರೂ ಹೆಚ್ಚಿನ ದಿನ ತೇಜಸ್ವಿನಿಯದೇ ಮುಂದಿರುತ್ತಿತ್ತು. ಅವಳ ಕೆನ್ನೆ ಸ್ವಲ್ಪ ತುಂಬಿಕೊಂಡಂತೆ ಮಂಗಳಗೌರಿಗೆ ಕಂಡಿತು. ಅದು ತನ್ನ ಭ್ರಮೆಯೇ ಇರಬಹುದು ಎಂದುಕೊಂಡು ಯಾರಿಗೂ ಹೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತೇಜಸ್ವಿನಿ ತನ್ನ ಬ್ಯಾಂಡನ್ನು ಅಮ್ಮನ ಕೈಗೆ ಕಟ್ಟಿದಳು. "ಇವತ್ತು ನೀನು ಹಾಕ್ಕೋ. ರಾತ್ರಿ ನೋಡೋಣ, ಈ ಮನೇಲಿ ಯಾರು ಎಷ್ಟು ಸುಡ್ತಾರೆ ಅಂತ."

"ನಂಗ್ಯಾಕೆ ಬಿಡೇ" ಎಂದರೂ ಮಂಗಳಗೌರಿ ಕೈ ಎಳೆದುಕೊಳ್ಳಲಿಲ್ಲ. ಅಂದು ಅವಳು ಮನೆ ಸಾರಿಸಿದಳು. ಹಾಸಿಗೆಯ ರಗ್ಗುಗಳನ್ನೆಲ್ಲ ಒಗೆದು, ನೀರು ಸೋರುವ ಅವನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಮಹಡಿ ಹತ್ತಿದಳು. ಅವರೆಕಾಯಿ ಸುಲಿದಳು, ಅತ್ತೆಗೆ ಎಣ್ಣೆ ಹಚ್ಚಿ ನೀರೆರೆದಳು, ಎರಡು ಹೊತ್ತು ಮುದ್ದೆ ತಿರುವಿದಳು. ಸಂಜೆಯಾಗುವಾಗ ಸೊಂಟ ಹಿಡಿದಿತ್ತು. ರಾತ್ರಿ ತಾನೇ ಮುಂದಾಗಿ ಕೈ ಚಾಚಿದಳು; ಒಳಗೊಳಗೇ ಸ್ವಲ್ಪ ಆಸೆಯೂ ಇತ್ತು.

ಚನ್ನೇಶ ನೋಡಿ ಹೇಳಿದ. "ಎರಡು ಸಾವಿರದ ನೂರು."

"ಅಷ್ಟೇನಾ?" ಎಂದಳು ತೇಜಸ್ವಿನಿ.

ಅನಂತರಾಜು ಹೊಟ್ಟೆ ಕುಣಿಸಿ ನಕ್ಕ. "ಬೆಳಿಗ್ಗೆಯಿಂದ ರಾತ್ರಿತನಕ ಕೆಲ್ಸ ಕೆಲ್ಸ ಅಂತ ಸಾಯ್ತಿದ್ದೆ, ನೋಡೀಗ. ಎಲ್ರಿಗಿಂತ ಕಮ್ಮಿ ನಿಂದೇ."

ಮಂಗಳಗೌರಿಯ ಮುಖ ಬಿಸಿಯಾಯಿತು. "ರಗ್ಗು ಒಗೆಯೋವಾಗ ನೀರು ಬೀಳ್ತದೆ ಅಂತ ಬಿಚ್ಚಿಟ್ಟಿದ್ದೆ. ಪಾತ್ರೆ ತೊಳೆಯೋವಾಗ್ಲೂ ಬಿಚ್ಚಿದ್ದೆ. ಅತ್ತೆಗೆ ಎಣ್ಣೆ ಹಚ್ಚೋವಾಗ, ಮುದ್ದೆ ತಿರುವೋವಾಗ..."

"ಹಂಗಾದ್ರೆ ಅದು ಅಳೆದಿದ್ದೇನು?"

"ನಾನು ಕೂತಿದ್ದನ್ನ."

ತೇಜಸ್ವಿನಿ ಬಿದ್ದು ಬಿದ್ದು ನಕ್ಕಳು. ಚನ್ನೇಶನಿಗೂ ನಗು ಬಂತು. ಅಮ್ಮನ ಮೇಲೆ ಕನಿಕರ ಹುಟ್ಟಿತೋ ಏನೋ, ಅಕ್ಕನ ಫೋನ್ ತೆಗೆದುಕೊಂಡು ಪಕ್ಕ ಬಂದು ಕೂತ.

"ನೋಡಮ್ಮ, ಈ ನಂಬರ್ ಎಲ್ಲಾ ಕೆಲ್ಸದ್ದಲ್ಲ. ಸುಮ್ನೆ ಮಲಗಿದ್ರೂ ಉಸಿರಾಡ್ಬೇಕು, ಗುಂಡಿಗೆ ಬಡೀಬೇಕು, ಅದಕ್ಕೂ ಮೈ ಸುಡ್ತಾನೇ ಇರುತ್ತೆ. ದೊಡ್ಡ ಪಾಲು ಅದೇ. ನಿಂದ್ರಲ್ಲಿ ಸಾವಿರದ ಒಂಬೈನೂರು ಅದು. ಓಡಾಡಿ ಸುಟ್ಟಿದ್ದು ಬರೀ ಇನ್ನೂರು."

"ನಿಂದೆಷ್ಟು, ಸುಮ್ನೆ ಮಲಗಿದ್ರೆ?"

ಅವನು ತನ್ನ ಫೋನ್ ನೋಡಿದ. "ನಂದೂ ಸಾವಿರದ ಒಂಬೈನೂರು."

"ನೀನು ಕಂಬದಂಗಿದೀಯ. ನಾನು ಇಷ್ಟಿದೀನಿ. ಇಬ್ರೂ ಮಲಗಿದ್ರೆ ಒಂದೇ ಆಗೋದು ಹೆಂಗೆ?"

ಸುಮ್ಮನೆ ಕೇಳಿದ ಮಾತದು. ಚನ್ನೇಶ ಹುಬ್ಬು ಗಂಟಿಕ್ಕಿ ಅಕ್ಕನ ಫೋನಿನಲ್ಲಿ ಅಲ್ಲಿ ಇಲ್ಲಿ ಒತ್ತಿದ. ಮರುಕ್ಷಣ ಎದ್ದು ನಿಂತು ಚಪ್ಪಾಳೆ ತಟ್ಟಿದ.

"ಅಪ್ಪ! ಇದ್ರಲ್ಲಿ ನನ್ ವಿವರಾನೇ ಇದೆ! ಗಂಡು, ಇಪ್ಪತ್ತೊಂದು ವರ್ಷ, ಎಂಬತ್ತು ಕೆಜಿ. ಅವತ್ತು ಜೋಡಿಸಿದಾಗ ಬದಲಾಯಿಸೋದು ಮರೆತಿದೀನಿ. ಇಷ್ಟು ದಿನ ಅಕ್ಕನ್ನ ಎಂಬತ್ತು ಕೆಜಿ ಗಂಡಸು ಅಂತ ತಿಳ್ಕೊಂಡು ಲೆಕ್ಕ ಹಾಕಿದೆ ಇದು! ಎಲ್ಲಾ ಸುಳ್ಳು!"

ಅಲ್ಲೇ ಅಕ್ಕನ ವಯಸ್ಸು, ಎತ್ತರ, ತೂಕ ಕೇಳಿ ಕೇಳಿ ಒತ್ತಿದ. ಅವಳು ನಲವತ್ತೇಳು ಕೆಜಿ ಇದ್ದಳು. ಮಾರನೆಯ ದಿನ ಗೋದಾಮಿನಿಂದ ಬಂದಾಗ ಅವಳ ಬ್ಯಾಂಡಿನಲ್ಲಿ ಒಂದು ಸಾವಿರದ ಒಂಬೈನೂರು ಚಿಲ್ಲರೆ ಇತ್ತು. ತಮ್ಮನದು ಎಂದಿನಂತೆ ಎರಡು ಸಾವಿರದ ಆರ್ನೂರು.

"ಮುಗೀತು" ಎಂದ ಅನಂತರಾಜು. "ಮೊಟ್ಟೆ ಮೊದ್ಲಿನಂಗೆ."

"ಅಪ್ಪ, ಒಂದ್ನಿಮಿಷ. ಓಡಾಡಿ ಸುಟ್ಟಿದ್ದು ಮಾತ್ರ ನೋಡಿ. ಅವನದು ಏಳ್ನೂರು, ನಂದೂ ಹೆಚ್ಚುಕಮ್ಮಿ ಏಳ್ನೂರೇ. ಮಿಕ್ಕಿದ್ದು ಅವನ ಮೈ ದೊಡ್ಡದು ಅಂತ ಬರೋದು. ಮಲಗಿದ್ದಕ್ಕೂ ಮೊಟ್ಟೆ ಕೊಡ್ತೀರಾ? ಮತ್ತೆ ಇದರಲ್ಲೇ ಬರೆದಿದಾರೆ ನೋಡಿ, ಇದೆಲ್ಲ ಅಂದಾಜು ಅಂತ. ತೂಕ, ವಯಸ್ಸು, ಗುಂಡಿಗೆ ಬಡಿತ ನೋಡಿ ಊಹೆ ಮಾಡುತ್ತೆ ಅಷ್ಟೆ, ನಿಮ್ಮ ಅಂಗಡಿ ಮೀಟರ್ ಥರ ಅಲ್ಲ."

ಅನಂತರಾಜು ತಟ್ಟೆಯಿಂದ ತಲೆಯೆತ್ತಿದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ. "ಮೀಟರ್ ತಂದೋಳು ಯಾರು? ನಾನಾ? ನಿಂಗೆ ಜಾಸ್ತಿ ಬಂದಾಗ ಸತ್ಯ, ಕಮ್ಮಿ ಬಂದಾಗ ಅಂದಾಜು. ಅದೆಲ್ಲ ನಡೆಯಲ್ಲ."

ತೇಜಸ್ವಿನಿ ಕೈಯಿಂದ ಬ್ಯಾಂಡ್ ಬಿಚ್ಚಿ ಕಿಟಕಿಯ ಮೇಲಿಟ್ಟಳು.

"ಆಯ್ತು. ಮೀಟರ್ ತೋರಿಸಿ ಕೇಳಿದ್ದು ನಂದೇ ತಪ್ಪು. ಈಗ ಮೀಟರ್ ಇಲ್ದೆ ಕೇಳ್ತಿದೀನಿ. ನಂಗೆ ಹಸಿವಾಗುತ್ತೆ. ನಂಗೂ ಮೊಟ್ಟೆ ಬೇಕು."

"ಹಸಿವಾದ್ರೆ ಇನ್ನೊಂದ್ ಮುದ್ದೆ ಉಣ್ಣೇ, ಯಾರ್ ಬ್ಯಾಡ ಅಂದೋರು?" ಎಂದರು ಹನುಮಂತಮ್ಮ.

"ಅವನಿಗೂ ಹಾಗೇ ಹೇಳಿ ನೋಡೋಣ."

"ಅವನು ಗಂಡುಡ್ಗ."

"ಅಷ್ಟೇ ತಾನೆ? ಅದನ್ನ ಮೊದಲೇ ಹೇಳಿದ್ರೆ ಮುಗೀತಿತ್ತು. ಸುಮ್ನೆ ದಿನಾ ನಂಬರ್ ಓದಿಸಿದ್ರಿ."

ಹೇಳಿ ಅವಳು ಅಮ್ಮನ ಕಡೆ ತಿರುಗಿದಳು. ಮಂಗಳಗೌರಿಯ ಕೈಯಲ್ಲಿ ಸೌಟಿತ್ತು. ಅವಳು ಸಾರಿನ ಪಾತ್ರೆಯೊಳಗೆ ನೋಡುತ್ತ, ಅದನ್ನು ತಳದಿಂದ ಒಂದು ಸುತ್ತು ತಿರುವಿದಳು. ಮಗಳು ಎರಡು ನಿಮಿಷ ಕಾದು ಒಳಕೋಣೆಗೆ ಹೋದಳು.

ಮರುದಿನದಿಂದ ಮತ್ತೆ ಮೂರು ಮತ್ತು ಒಂದು. ತೇಜಸ್ವಿನಿ ಜಗಳ ತೆಗೆಯಲಿಲ್ಲ. ಕಾಫಿ ಕುಡಿದು ಡಬ್ಬಿ ಹಿಡಿದು ಹೋಗುತ್ತಿದ್ದಳು. ಜಗಳ ತೆಗೆದಿದ್ದರೇ ವಾಸಿಯಿತ್ತು ಎಂದು ಮಂಗಳಗೌರಿಗೆ ಅನಿಸುತ್ತಿತ್ತು.

ಹತ್ತು ಹನ್ನೆರಡು ದಿನ ಹೀಗೆ ನಡೆಯಿತು. ಒಂದು ಸಂಜೆ ಮಂಗಳಗೌರಿ ಸೊಪ್ಪು ತರಲು ಶಿರಾ ಗೇಟಿಗೆ ಹೋದಳು. ಸರ್ಕಲ್ಲಿನ ಮಗ್ಗುಲಲ್ಲಿ ಮೊಟ್ಟೆಯ ತಳ್ಳುಗಾಡಿ ನಿಲ್ಲುತ್ತಿತ್ತು. ಆಮ್ಲೆಟ್ ಹೊಗೆಯ ನಡುವೆ ಆಟೋದವರು, ಕಾಲೇಜು ಹುಡುಗರು ಗುಂಪುಗೂಡಿದ್ದರು. ಅವರ ಮಧ್ಯೆ ಕೊರಳಲ್ಲಿ ಗೋದಾಮಿನ ಐಡಿ ಕಾರ್ಡು ನೇತುಹಾಕಿಕೊಂಡ ಒಬ್ಬ ಹುಡುಗಿ, ಕಾಗದದ ಚೂರಿನಲ್ಲಿ ಬೇಯಿಸಿದ ಮೊಟ್ಟೆ ಹಿಡಿದು, ತಲೆ ತಗ್ಗಿಸಿ ಬೇಗ ಬೇಗ ತಿನ್ನುತ್ತಿದ್ದಳು. ಪಕ್ಕದವನ ಮೊಣಕೈ ತಾಗಿದಾಗ ಸರಿದು ನಿಂತು ಮತ್ತೆ ತಿಂದಳು. ಮಂಗಳಗೌರಿಗೆ ಮೊದಲು ಗುರುತೇ ಹತ್ತಲಿಲ್ಲ.

ಅಲ್ಲಿಂದ ಹಾಗೇ ಹಿಂದಿರುಗಬೇಕೆಂದುಕೊಂಡಳು. ಅಷ್ಟರಲ್ಲಿ ತೇಜಸ್ವಿನಿ ತಲೆಯೆತ್ತಿದಳು. ಬೆಚ್ಚಲಿಲ್ಲ, ನಾಚಲೂ ಇಲ್ಲ. "ಬಾಮ್ಮ" ಎಂದು ಕರೆದು ಗಾಡಿಯವನಿಗೆ ಇನ್ನೊಂದು ಹೇಳಿದಳು.

"ಬೀದೀಲಿ ನಿಂತ್ಕಂಡು ಯಾಕೆ ತಿಂತೀಯೇ? ನೋಡಿದೋರು ಏನಂತಾರೆ?"

"ಮನೇಲಿ ಕೇಳಿ ಇಲ್ಲ ಅನ್ನಿಸ್ಕೊಳೋದಕ್ಕಿಂತ ಇದೇ ವಾಸಿ."

ಗಾಡಿಯವನು ಎರಡು ಹೋಳು ಮಾಡಿ ಮೆಣಸು ಉದುರಿಸಿ ಕೊಟ್ಟ. ಮಂಗಳಗೌರಿ ಅದನ್ನು ಹಿಡಿದುಕೊಂಡು ನಿಂತಳು.

"ತಿನ್ನಮ್ಮ, ಆರಿಹೋಗುತ್ತೆ. ಅವತ್ತು ಅವರೆಲ್ಲ ಅಂದಿದ್ದಕ್ಕೆ ನಂಗೆ ಬೇಜಾರಿಲ್ಲ. ಅವರು ಅನ್ನೋದೇ ಹಂಗೆ. ಸೌಟು ನಿನ್ ಕೈಲಿತ್ತು, ನೀನು ಸುಮ್ನಿದ್ದೆ."

ಮಂಗಳಗೌರಿ ಬಸ್ಸು, ಲಾರಿಗಳ ಸದ್ದಿನಲ್ಲಿ, ಸೊಪ್ಪಿನ ಕಟ್ಟು ಕಂಕುಳಲ್ಲಿಟ್ಟುಕೊಂಡು, ಆ ಗಂಡಸರ ಗುಂಪಿನಲ್ಲಿ ನಿಂತು ಮೊಟ್ಟೆ ತಿಂದಳು. ಮೆಣಸಿನ ಖಾರ ಗಂಟಲಿಗೆ ಹತ್ತಿ ಕೆಮ್ಮು ಬಂತು. ಇಬ್ಬರೂ ಮನೆಗೆ ನಡೆದರು.

ಆ ಭಾನುವಾರ ಮಂಗಳಗೌರಿಯ ತಮ್ಮ ಬೆಟ್ಟಸ್ವಾಮಿ ಕುಣಿಗಲ್ಲಿನಿಂದ ಬಂದ. ಬುಟ್ಟಿಯಲ್ಲಿ ಕಾಲು ಕಟ್ಟಿದ ನಾಟಿ ಕೋಳಿಯಿತ್ತು. "ನಮ್ಮುಡ್ಗಂಗೆ ಮುಂದಿನ ವಾರ ಫಿಸಿಕಲ್ ಅಂತಲ್ಲ ಅಕ್ಕಯ್ಯ, ಚೆನ್ನಾಗಿ ತಿನ್ಲಿ ಅಂತ ತಂದೆ" ಎಂದ. ಅನಂತರಾಜುವೇ ಕೋಳಿ ಕೊಯ್ದು ಸುಟ್ಟು ಸ್ವಚ್ಛ ಮಾಡಿಕೊಟ್ಟ. ಮಂಗಳಗೌರಿ ಮಸಾಲೆ ಅರೆದು ಸಾರಿಗಿಟ್ಟಳು. ಮಧ್ಯಾಹ್ನಕ್ಕೆಲ್ಲ ಘಮಲು ಬೀದಿಗೆ ಹೋಗಿತ್ತು.

ಅನಂತರಾಜು, ಬೆಟ್ಟಸ್ವಾಮಿ, ಚನ್ನೇಶ ಕೈ ತೊಳೆದುಕೊಂಡು ಬಂದು ನೋಡಿದರೆ ನಡುಮನೆಯಲ್ಲಿ ಆರು ತಟ್ಟೆ ಹಾಕಿತ್ತು.

"ಯಾರೇ ಬರೋರು ಇನ್ನೂ?" ಎಂದರು ಹನುಮಂತಮ್ಮ.

"ಯಾರೂ ಇಲ್ಲ ಅತ್ತೆ. ಎಲ್ರೂ ಕೂತ್ಕೊಳಿ, ಒಟ್ಟಿಗೆ ಉಣ್ಣನ. ತೇಜು, ಬಾ."

"ಗಂಡಸ್ರು ಉಂಡೇಳ್ಲಿ. ಏನವಸ್ರ ನಿಮಗೆ?"

"ಹಸಿವಾಗೈತೆ."

ನೆಂಟನ ಮುಂದೆ ಮಾತು ಬೆಳೆಸುವುದು ಬೇಡವೆಂದು ಅನಂತರಾಜು ಕೂತ. ಮಂಗಳಗೌರಿ ಮುದ್ದೆ ಇಟ್ಟು, ಸಾರು ಬಿಟ್ಟು, ತುಂಡು ಹಾಕುತ್ತ ಬಂದಳು. ತೊಡೆ ಒಂದನ್ನು ಗಂಡನಿಗೆ ಹಾಕಿದಳು, ಒಂದನ್ನು ಮಗಳಿಗೆ. ಚನ್ನೇಶನ ತಟ್ಟೆಗೆ ಎದೆಯ ತುಂಡು ಬಿತ್ತು. ಕಡೆಗೆ ತನ್ನ ತಟ್ಟೆಗೂ ಎಲ್ಲರಷ್ಟೇ ಹಾಕಿಕೊಂಡು, ಪಾತ್ರೆಯನ್ನು ನಡುವೆ ಇಟ್ಟು, ಕೂತಳು.

"ಅಮ್ಮ, ಲೆಗ್ ಪೀಸು?" ಎಂದ ಚನ್ನೇಶ.

"ಅಕ್ಕಂಗೆ ಹಾಕಿದೀನಿ."

ಅನಂತರಾಜು ತಡೆದುಕೊಂಡಿದ್ದನ್ನು ಬಿಟ್ಟ. "ಲೇ ಮಂಗಳ, ಕೋಳಿ ಬಂದಿರೋದು ಹುಡುಗನಿಗೆ. ಮುಂದಿನ ವಾರ ಅವನಿಗೆ ಫಿಸಿಕಲ್ ಐತೆ, ಗೊತ್ತಿಲ್ವ ನಿಂಗೆ?"

"ಗೊತ್ತೈತೆ."

"ಮತ್ತೆ? ಯಾರಿಗೆ ಎಷ್ಟು ಬೇಕು ಅಂತ ಅವತ್ತೇ ಮೀಟರ್‌ನಲ್ಲಿ..."

"ನಿಮ್ಮ ಮೀಟರು ನಿಮ್ಮಂಗಡೀಲಿ ಇರ್ಲಿ ಕಣ್ರೀ. ಇದು ನನ್ನ ಅಡಿಗೆಮನೆ. ನನ್ನ ಮಗಳು ಶಿರಾ ಗೇಟ್‌ನಲ್ಲಿ ಆಟೋದೋರ ಮಧ್ಯೆ ನಿಂತು ಮೊಟ್ಟೆ ತಿಂತಾಳೆ. ನಾನೇ ನೋಡಿದೀನಿ. ನಾನೂ ನಿಂತ್ಕಂಡು ತಿಂದಿದೀನಿ. ಇನ್ನು ಆಗಲ್ಲ. ನಾಳೆಯಿಂದ ತಲೆಗೊಂದು ಮೊಟ್ಟೆ, ಐದು ಬೇಯಿಸ್ತೀನಿ. ಜಾಸ್ತಿ ಬೇಕಾದೋರು ತಂದು ಬೇಯಿಸ್ಕಳ್ಳಿ."

"ಬೀದೀಲಿ ತಿಂದ್ಯಾ? ನೀನು?" ಹನುಮಂತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು.

"ತಿಂದೆ ಅತ್ತೆ. ಚೆನ್ನಾಗಿತ್ತು."

ಬೆಟ್ಟಸ್ವಾಮಿಗೆ ಇರಿಸುಮುರಿಸಾಯಿತು. "ಅಕ್ಕಯ್ಯ, ಬುಡು. ಉಣ್ಣೋ ಹೊತ್ನಲ್ಲಿ ಯಾಕೆ? ಭಾವ ಹೇಳೋದ್ರಲ್ಲೂ..."

"ನೀನು ಹೇಳು ಬೆಟ್ಟ. ಅಮ್ಮ ನಮ್ಮಿಬ್ಬರಲ್ಲಿ ತುಪ್ಪ ಯಾರಿಗೆ ಹಾಕ್ತಿದ್ಲು?"

ಬೆಟ್ಟಸ್ವಾಮಿ ತಟ್ಟೆ ನೋಡುತ್ತ ಮುದ್ದೆ ಮುರಿದ.

ಅನಂತರಾಜು ತಟ್ಟೆ ಸರಿಸಿ ಎದ್ದ. "ನಂಗೆ ಊಟ ಬ್ಯಾಡ." ಹಿಂದೆಲ್ಲ ಹೀಗೆ ಎದ್ದಾಗ ಮಂಗಳಗೌರಿ ಬಾಗಿಲವರೆಗೆ ಹಿಂದೆ ಹೋಗುತ್ತಿದ್ದಳು, ಅನ್ನದ ಮೇಲೆ ಆಣೆ ಹಾಕುತ್ತಿದ್ದಳು. ಅವನು ಶರ್ಟಿನ ಗುಂಡಿ ಹಾಕಿಕೊಳ್ಳುವುದನ್ನು ನಿಧಾನ ಮಾಡಿದ. ಅವಳು ತಲೆಯೆತ್ತಲಿಲ್ಲ. ಸ್ಕೂಟರ್ ಹೋದ ಸದ್ದು ಕೇಳಿಸಿತು. ಯಾರೂ ಉಣ್ಣುತ್ತಿರಲಿಲ್ಲ. ಚನ್ನೇಶ ಕೂಡ ಕೈ ಹಾಗೇ ಇಟ್ಟುಕೊಂಡು ಕೂತಿದ್ದ.

ಹನುಮಂತಮ್ಮ ಮಗನ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ತಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಅವನು ಮುಟ್ಟೇ ಇಲ್ಲ. ಆ ತೊಡೆ ಇತ್ಲಾಗ್ ಹಾಕು. ನನ್ ಮದ್ವೆ ಆದಾಗಿಂದ ಈ ಮನೇಲಿ ಬರೀ ಕತ್ತು, ರೆಕ್ಕೇನೇ ತಿಂದಿದೀನಿ."

ತೇಜಸ್ವಿನಿ ಮೊದಲು ನಕ್ಕಳು. ಮಂಗಳಗೌರಿ ತುಂಡನ್ನು ಅತ್ತೆಯ ತಟ್ಟೆಗೆ ಹಾಕಿ, ಹಲ್ಲಿಗೆ ಸುಲಭವಾಗಲೆಂದು ಮಾಂಸ ಬಿಡಿಸಿಕೊಟ್ಟಳು.

ಅನಂತರಾಜು ಆ ವಾರವೆಲ್ಲ ಹೆಂಡತಿಯೊಡನೆ ಮಾತು ಬಿಟ್ಟ. ಬೆಳಿಗ್ಗೆ ಐದು ಮೊಟ್ಟೆ ಬೇಯುತ್ತಿದ್ದವು; ಆಗಿಬರುವುದಿಲ್ಲ ಎನ್ನುತ್ತಿದ್ದ ಹನುಮಂತಮ್ಮನೂ ತಮ್ಮದನ್ನು ತಿನ್ನುತ್ತಿದ್ದರು. ಚನ್ನೇಶ ಮೊದಲೆರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಅಂಗಡಿಯಿಂದ ತಾನೇ ತಂದು ಇನ್ನೆರಡು ಬೇಯಿಸಿಕೊಳ್ಳತೊಡಗಿದ. ಒಂದು ದಿನ ನೀರು ಆರಿ ಪಾತ್ರೆ ಸೀದುಹೋಯಿತು. ಅದನ್ನು ತಿಕ್ಕಿದವನೂ ಅವನೇ.

ಫಿಸಿಕಲ್ ಮುಗಿಸಿ ಬಂದ ದಿನ ಅವನು ಬ್ಯಾಗು ಎಸೆದು ಗೋಡೆಗೆ ಒರಗಿದ. ಓಟದಲ್ಲಿ ಪಾಸಾಗಿದ್ದ. ಎತ್ತರ ಜಿಗಿತದಲ್ಲಿ ಕೊಟ್ಟ ಅವಕಾಶಗಳಲ್ಲೆಲ್ಲ ಕಾಲು ತಾಗಿ ಕೋಲು ಬಿದ್ದಿತ್ತು.

"ಬೀಳ್ದೆ ಏನಾಯ್ತದೆ?" ಅನಂತರಾಜುವಿಗೆ ಇಷ್ಟು ದಿನದ ಮಾತೆಲ್ಲ ಒಟ್ಟಿಗೆ ಬಂತು. "ಬಾಯಿಂದ ತುತ್ತು ಕಿತ್ಕಂಡ್ರೆ ಹುಡುಗ ಎಲ್ಲಿಂದ ಜಿಗೀತಾನೆ? ನಿನ್ ಹಟಕ್ಕೆ ನನ್ ಮಗನ ಕೆಲ್ಸ ಹೋಯ್ತು."

"ಅದಲ್ಲ ಅಪ್ಪ" ಎಂದ ಚನ್ನೇಶ, ನೆಲ ನೋಡುತ್ತ. "ನಾನು ಬರೀ ಓಡಿದೆ. ಜಿಗಿಯೋದು ಕಲೀಲೇ ಇಲ್ಲ."

"ನೀನ್ ಸುಮ್ಕಿರ್ಲಾ!"

ತೇಜಸ್ವಿನಿ ಏನೋ ಹೇಳಹೊರಟಳು. ಮಂಗಳಗೌರಿ ಕೈಯೆತ್ತಿ ತಡೆದಳು. ಮಗನ ತಲೆ ಸವರಿದಳು. ಅವನ ಕಣ್ಣು ಕೆಂಪಾಗಿರುವುದು ಅವಳಿಗೆ ಕಂಡಿತ್ತು. ಆದರೂ ಗಂಡನಿಗೆ ಹೇಳಿದ್ದು ಇಷ್ಟೇ.

"ಮತ್ತೆ ಕರೀತಾರೆ, ಮತ್ತೆ ಹೋಗ್ಲಿ. ಜಿಗಿಯೋದು ಕಲ್ತು ಹೋಗ್ಲಿ. ಮೊಟ್ಟೆ ತಲೆಗೊಂದೇ."

ಮರುದಿನ ಮಧ್ಯಾಹ್ನ ಅನಂತರಾಜು ಊಟಕ್ಕೆ ಬಂದಾಗ ಮಂಗಳಗೌರಿ ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂತು ಉಣ್ಣುತ್ತಿದ್ದಳು. ಹನುಮಂತಮ್ಮ ಮಂಚದಿಂದಲೇ ಕೂಗಿದರು.

"ಏಳೇ, ಗಂಡ ಬಂದವ್ನೆ. ತಟ್ಟೆ ಹಾಕು."

ಮದುವೆಯಾದಾಗಿನಿಂದ ಅವಳು ಎಷ್ಟು ಸಲ ಹೀಗೆ ಎದ್ದಿದ್ದಳೋ. ಎಂಜಲು ಕೈ ತೊಳೆದು, ಬಡಿಸಿ, ಅವನು ಉಂಡೆದ್ದ ಮೇಲೆ ತಣ್ಣಗೆ ಗಟ್ಟಿಯಾದ ತನ್ನ ಮುದ್ದೆಗೆ ಮರಳುತ್ತಿದ್ದಳು. ಈಗಲೂ ಮೊಣಕಾಲು ತಾನಾಗಿಯೇ ಮಿಸುಕಿತು. ಅದನ್ನು ಎಡಗೈಯಲ್ಲಿ ಒತ್ತಿ ಹಿಡಿದಳು.

"ಮುದ್ದೆ ಮುಚ್ಚಿಟ್ಟಿದೀನಿ, ಸಾರು ಬಿಸಿ ಐತೆ. ಹಾಕ್ಕಳ್ಳಿ."

ಅನಂತರಾಜು ಬಾಗಿಲಲ್ಲೇ ನಿಂತ. ಅವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಅವನು ಇನ್ನೂ ನಿಂತಿದ್ದ. ಇನ್ನೊಂದು ತುತ್ತು ನುಂಗಿದಳು. ಸ್ವಲ್ಪ ಹೊತ್ತಿನ ಮೇಲೆ ಸ್ಟ್ಯಾಂಡಿನಿಂದ ತಟ್ಟೆ ಎಳೆದ ಸದ್ದಾಯಿತು, ಎರಡು ಲೋಟ ಉರುಳಿದವು, ಮುಚ್ಚಳ ಎತ್ತಿದ ಸದ್ದು ಬಂತು.

"ಉಪ್ಪಿನಕಾಯಿ ಎಲ್ಲೈತೆ?"

"ಹುಡುಕಿ, ಅಲ್ಲೇ ಇರ್ತದೆ" ಎಂದು ಮಂಗಳಗೌರಿ ಸೌಟು ಎಳೆದುಕೊಂಡು ತನ್ನ ತಟ್ಟೆಗೆ ಇನ್ನೊಂದಿಷ್ಟು ಸಾರು ಬಿಟ್ಟುಕೊಂಡಳು.